ಊರುಗಳ ಕಥೆ ಬರೆಸಿದ ಕರ್ನಲ್ ಮೆಕೆಂಜಿ

ಕಂದಾಯ ಇಲಾಖೆಯ ದೃಷ್ಟಿಯಲ್ಲಿ ಗ್ರಾಮವೆಂದರೆ ಒಂದು ಹೆಸರು, ಒಂದು ಹೋಬಳಿ, ಇಂತಿಷ್ಟು ಸರ್ವೆ ನಂಬರುಗಳು, ಅವುಗಳ ವಿಸ್ತೀರ್ಣ ಮತ್ತು ಕಂದಾಯದ ಆಕಾರ. ಈ ಲೆಕ್ಕದಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿಗೂ ಅದರ ಆಸುಪಾಸಿನ ಯಾವುದೇ ಹಳ್ಳಿಗೂ ಭೇದವಿಲ್ಲ. 1942ರ ಸೆಪ್ಟೆಂಬರಿನಲ್ಲಿ ಆ ಊರಿನವರು ತಮ್ಮ ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜವನ್ನು ಏರಿಸಿದ್ದು, ತಮ್ಮೂರಿನ ಹುಡುಗರನ್ನೇ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರರೆಂದು ನೇಮಿಸಿಕೊಂಡು ಸ್ವತಂತ್ರ ಸರ್ಕಾರ ಸಾರಿದ್ದು, ನಂತರದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾದದ್ದು, 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದ್ದು, ಇವಾವುವೂ ಗ್ರಾಮನಕ್ಷೆಯಲ್ಲಿ ಕಾಣುವುದಿಲ್ಲ. ಕಾಣಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ಅಳತೆ ಸರ್ಕಾರದ ಕೆಲಸ, ನೆನಪು ಊರಿನವರ ಕೆಲಸ ಎಂಬ ವಿಭಜನೆ ನಮ್ಮ ಆಡಳಿತದಲ್ಲಿ ನೂರೈವತ್ತು ವರ್ಷಗಳಿಂದ ಬೇರೂರಿದೆ.

ಮೈಸೂರು ಸೀಮೆಯನ್ನು ಮೊತ್ತಮೊದಲಿಗೆ ಶಾಸ್ತ್ರೀಯವಾಗಿ ಅಳೆದ ಅಧಿಕಾರಿಗೆ ಈ ವಿಭಜನೆ ಒಪ್ಪಿಗೆಯಾಗಿರಲಿಲ್ಲ. ಬೆಟ್ಟದ ನೆತ್ತಿಯ ಮೇಲೆ ಥಿಯೊಡೊಲೈಟ್ ನಿಲ್ಲಿಸಿ ಕೋನಗಳನ್ನು ಗುರುತಿಸಿಕೊಳ್ಳುವಾಗಲೇ, ಬೆಟ್ಟದ ಕೆಳಗಿನ ಊರಿಗೆ ಆ ಹೆಸರು ಹೇಗೆ ಬಂತು, ಕೆರೆ ಕಟ್ಟಿಸಿದವರು ಯಾರು, ಗುಡಿಯ ಮುಂದಿನ ಕಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನೂ ಆತ ಬರೆಸಿಕೊಂಡ. ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದರೂ ಆತನ ಬಾಳಿನ ವಿವರಗಳು ಸಾಮಾನ್ಯ ಓದುಗರನ್ನು ತಲುಪಿದ್ದು ಕಡಿಮೆ. ಜಮೀನಿನ ದಾಖಲೆಗಳೆಲ್ಲ ಗಣಕಯಂತ್ರದೊಳಗೆ ಸೇರಿರುವ ಇಂದಿನ ದಿನಗಳಲ್ಲಿ ಆ ಬಾಳನ್ನು ನೆನೆಯುವುದಕ್ಕೆ ಕಾರಣವಿದೆ.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿನಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ. ತಂದೆ ಅಲ್ಲಿನ ವರ್ತಕ. ಊರಿನ ಅಂಚೆಯ ಜವಾಬ್ದಾರಿಯೂ ಅವನದೇ. ದ್ವೀಪದ ಜನರ ಮಾತು ಗೇಲಿಕ್. ಆಳುವವರ ಬರಹ ಇಂಗ್ಲಿಷ್. ಊರುಗಳ ಹೆಸರುಗಳಾದರೋ ಇವೆರಡಕ್ಕೂ ಹಿಂದಿನವು. ಶತಮಾನಗಳ ಹಿಂದೆ ಹಡಗುಗಳಲ್ಲಿ ಬಂದು ನೆಲಸಿದ ಉತ್ತರದ ನಾರ್ಸ್ ಜನ ಇಟ್ಟ ಹೆಸರು ಗೇಲಿಕ್ ಬಾಯಲ್ಲಿ ಒಂದು ರೂಪ ಪಡೆದು, ಇಂಗ್ಲಿಷ್ ಲೇಖನಿಯಲ್ಲಿ ಇನ್ನೊಂದು ರೂಪ ಪಡೆದಿತ್ತು. ಸ್ಟಾರ್ನೊವೇ ಎಂಬುದೇ ಅಂಥ ಮೂರು ಪದರಗಳ ಹೆಸರು. ಇಂಥ ನೆಲದಲ್ಲಿ ಬೆಳೆದವನಿಗೆ ಒಂದು ಊರಿನ ಹೆಸರಿನೊಳಗೆ ಹಲವು ಕಾಲಗಳು ಅಡಗಿರುತ್ತವೆ ಎಂಬುದು ಸಹಜವಾಗಿಯೇ ತಿಳಿದಿದ್ದಿರಬೇಕು.

ಯೌವನದಲ್ಲಿ ಮೆಕೆಂಜಿ ಸ್ಟಾರ್ನೊವೇಯ ಸುಂಕದ ಕಚೇರಿಯಲ್ಲಿ ನೌಕರ. ಆ ದಿನಗಳಲ್ಲಿಯೇ ಗಣಿತದಲ್ಲಿ ಅವನಿಗಿದ್ದ ಆಸಕ್ತಿ ನೇಪಿಯರ್ ಮನೆತನದ ಗಮನ ಸೆಳೆಯಿತು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥರು ಪೂರ್ವಿಕನ ಚರಿತ್ರೆ ಬರೆಯಲು ಹೊರಟು, ಹಿಂದೂ ಗಣಿತದ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದರು. ಆ ಕೆಲಸದಲ್ಲಿ ನೆರವಾದ ಮೆಕೆಂಜಿಗೆ ಭಾರತದ ಮೇಲೆ ಕುತೂಹಲ ಮೂಡಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸೇರಿ 1783ರಲ್ಲಿ ಮದರಾಸಿಗೆ ಬಂದಿಳಿದಾಗ ಅವನಿಗೆ ಮೂವತ್ತರ ಆಸುಪಾಸು. ಸೈನ್ಯಕ್ಕೆ ಸೇರುವವರು ಹದಿನಾರು ಹದಿನೇಳಕ್ಕೇ ಹಡಗು ಹತ್ತುತ್ತಿದ್ದ ಕಾಲವದು. ತಡವಾಗಿ ಬಂದವನು ಮತ್ತೆ ಹುಟ್ಟೂರಿಗೆ ಮರಳಲೇ ಇಲ್ಲ.

ನೇಪಿಯರ್ ಮನೆತನದ ಸಂಬಂಧದಿಂದಲೇ ಅವನು ಮದುರೆಗೆ ಹೋಗಿ ಅಲ್ಲಿನ ಪಂಡಿತರ ಪರಿಚಯ ಮಾಡಿಕೊಂಡ. ಈ ದೇಶದ ಚರಿತ್ರೆಯ ಸಾಮಗ್ರಿ ಸಂಗ್ರಹಿಸಬೇಕೆಂಬ ಹಂಬಲ ಅಲ್ಲಿ ಹುಟ್ಟಿತು. ಆದರೆ ಮೊದಲ ಹದಿಮೂರು ವರ್ಷ ಆ ಹಂಬಲ ಫಲಿಸಲಿಲ್ಲ. ಕಂಪನಿಗೆ ಬೇಕಿದ್ದದ್ದು ಕೋಟೆ, ದಾರಿ ಮತ್ತು ಕಣಿವೆಗಳನ್ನು ತೋರಿಸುವ ನಕ್ಷೆ. ಗುಂಟೂರು, ನೆಲ್ಲೂರು ಸೀಮೆಗಳ ಸರ್ವೆ, ಟಿಪ್ಪುವಿನೊಡನೆ ನಡೆದ ಮೂರನೆಯ ಯುದ್ಧ, ಆನಂತರ ನಿಜಾಮನ ರಾಜ್ಯದ ಸರ್ವೆ, ಹೀಗೆ ಕಾಲ ಕಳೆಯಿತು. ಮೆಕೆಂಜಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಕೊನೆಯವರೆಗೂ ಸರಿಯಾಗಿ ಬರಲಿಲ್ಲ.

1796ರಲ್ಲಿ ಏಲೂರಿನ ಕಡೆಯ ಕಾವಲಿ ವೆಂಕಟ ಬೋರಯ್ಯ ಅವನ ಬಳಿ ಕೆಲಸಕ್ಕೆ ಸೇರಿದ. ಆಗ ಬೋರಯ್ಯನಿಗೆ ಇಪ್ಪತ್ತು ವರ್ಷ. ತೆಲುಗು, ಸಂಸ್ಕೃತ, ತಮಿಳು, ಕನ್ನಡ, ಇಂಗ್ಲಿಷುಗಳನ್ನು ಬಲ್ಲ, ಊರೂರು ತಿರುಗಿ ಜನರ ವಿಶ್ವಾಸ ಗಳಿಸಬಲ್ಲ ತರುಣ. ತನ್ನ ಸಂಶೋಧನೆಗೆ ಹೆಬ್ಬಾಗಿಲು ತೆರೆದದ್ದು ಬೋರಯ್ಯ ಬಂದ ಮೇಲೆಯೇ ಎಂದು ಮೆಕೆಂಜಿ ಮುಂದೆ ಸ್ಪಷ್ಟವಾಗಿ ದಾಖಲಿಸಿದ. ಆಗಿನ ಕಾಲದ ಅಧಿಕಾರಿಗಳಲ್ಲಿ ಇದು ಅಪರೂಪದ ಪ್ರಾಮಾಣಿಕತೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮೆಕೆಂಜಿ ನಿಜಾಮನ ಸೇನೆಯ ಜೊತೆಗಿದ್ದ ಎಂಜಿನಿಯರ್. ಟಿಪ್ಪುವಿನ ರಾಜ್ಯವನ್ನು ಕಂಪನಿ ಮತ್ತು ನಿಜಾಮ ಹಂಚಿಕೊಂಡು, ಉಳಿದದ್ದನ್ನು ಒಡೆಯರ ವಂಶದ ಬಾಲಕನಿಗೆ ಕೊಟ್ಟು, ಪೂರ್ಣಯ್ಯನವರನ್ನು ದಿವಾನರನ್ನಾಗಿ ನೇಮಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಆ ಹಂಚಿಕೆಯ ಒಪ್ಪಂದದ ಅನುಬಂಧವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಅದರಲ್ಲಿ ಗಡಿರೇಖೆಗಳಿಲ್ಲ, ತಾಲ್ಲೂಕುಗಳ ಹೆಸರು, ಹೆಸರಿನ ಮುಂದೆ ಅದರ ಹುಟ್ಟುವಳಿ ಇಷ್ಟು ಕಂಠೀರಾಯಿ ವರಹ ಎಂಬ ಲೆಕ್ಕ ಮಾತ್ರ ಇದೆ. ರಾಜ್ಯಗಳು ಕೈ ಬದಲಾಯಿಸಿದ್ದು ಹೆಸರುಗಳ ಪಟ್ಟಿಯ ಮೂಲಕ. ಆ ಹೆಸರಿನ ಊರು ಎಲ್ಲಿದೆ, ಅದರ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನೆಲದ ಮೇಲೆ ನಿಂತು ನಿರ್ಧರಿಸುವವರು ಬೇಕಾಗಿತ್ತು. ಮೈಸೂರು ಸರ್ವೆಯ ಹೊಣೆ ಮೆಕೆಂಜಿಗೆ ಬಂದದ್ದು ಹೀಗೆ.

ಆ ಕೆಲಸ 1800ರಲ್ಲಿ ಮೊದಲಾಗಿ ಹತ್ತು ವರ್ಷ ನಡೆಯಿತು. ಅಳೆದದ್ದು ಸುಮಾರು 40,000 ಚದರ ಮೈಲಿ. ಬೆಟ್ಟಗಳ ತುದಿಗಳನ್ನು ತ್ರಿಕೋನಗಳಿಂದ ಜೋಡಿಸಿ, ಆ ಚೌಕಟ್ಟಿನೊಳಗೆ ಊರು, ಕೆರೆ, ಹೊಳೆ, ದಾರಿಗಳನ್ನು ತುಂಬುವುದು ಕ್ರಮ. ಜೊತೆಗೆ ಊರುಗಳ ಪಟ್ಟಿ, ಮನೆಗಳ ಲೆಕ್ಕ, ಬೆಳೆ, ಕಸುಬು, ಜಾತಿ, ದೇವಸ್ಥಾನಗಳ ವಿವರ. ಇದಕ್ಕೆ ದಿವಾನರ ಕಚೇರಿಯ ಮತ್ತು ಅಮಲ್ದಾರರ ಸಹಕಾರ ಬೇಕಿತ್ತು. ಆದರೆ ಲಂಡನ್ನಿನ ಕಂಪನಿ ನಿರ್ದೇಶಕರಿಗೆ ವೆಚ್ಚ ದುಬಾರಿಯಾಗಿ ಕಂಡಿತು. ಕೆಲಸ ಆರಂಭವಾದ ಸ್ವಲ್ಪ ಕಾಲದಲ್ಲೇ ಭತ್ಯೆ ಮತ್ತು ಸಿಬ್ಬಂದಿಯನ್ನು ಕಡಿತಗೊಳಿಸಿದರು. ಜ್ವರದಿಂದ ನರಳುತ್ತಿದ್ದ ಸಹಾಯಕರನ್ನು ಕಟ್ಟಿಕೊಂಡು, ಕಡಿಮೆ ಹಣದಲ್ಲಿ ಮೆಕೆಂಜಿ ಕೆಲಸ ಮುಂದುವರಿಸಿದ. ಚರಿತ್ರೆಯ ಸಂಗ್ರಹಕ್ಕೆ ಸರ್ಕಾರದ ಹಣ ಸಾಲದೆ ಬಹುಪಾಲು ತನ್ನ ಕೈಯಿಂದಲೇ ಖರ್ಚು ಮಾಡಿದ. ಅದೇ ನಿರ್ದೇಶಕರು 1810ರಲ್ಲಿ ನಕ್ಷೆಗಳನ್ನು ಕಂಡು ಮುಕ್ತವಾಗಿ ಪ್ರಶಂಸಿಸಿದರು. ಯೋಜನೆಯ ಆರಂಭದಲ್ಲಿ ಕತ್ತರಿ, ಮುಗಿದ ಮೇಲೆ ಪ್ರಶಂಸಾಪತ್ರ ಎಂಬ ಪದ್ಧತಿ ಇಂದಿನದಲ್ಲ ಎಂದಾಯಿತು.

ಈ ಸರ್ವೆಯ ವ್ಯಾಪ್ತಿಗೆ ನಗರ ಪ್ರಾಂತ್ಯವೂ, ಅಂದರೆ ಇಂದಿನ ಶಿಕಾರಿಪುರ, ಸೊರಬ, ಸಾಗರಗಳ ಮಲೆನಾಡು ಸೆರಗೂ ಸೇರಿತ್ತು. ಧೋಂಡಿಯ ವಾಘನ ಬಂಡಾಯದಿಂದ ಆ ಪ್ರದೇಶ ಆಗಷ್ಟೇ ತತ್ತರಿಸಿತ್ತು. ಇನ್ನೊಬ್ಬ ಸ್ಕಾಟಿಷ್ ಅಧಿಕಾರಿ ಫ್ರಾನ್ಸಿಸ್ ಬುಕನನ್ ಕೃಷಿ ಮತ್ತು ವ್ಯಾಪಾರದ ಸ್ಥಿತಿಗತಿ ನೋಡುತ್ತ 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ಮಾರ್ಗವಾಗಿ ಹಾದುಹೋಗಿದ್ದ. ಹೆಸರುಗಳ ಅಭ್ಯಾಸಕ್ಕೆ ಈ ನೆಲದಷ್ಟು ಸಮೃದ್ಧವಾದ ಜಾಗ ಕರ್ನಾಟಕದಲ್ಲಿ ವಿರಳ. ಕೆಳದಿ ಅರಸರ ಬಿದನೂರು 1763ರಲ್ಲಿ ಹೈದರನ ಕೈಸೇರಿ ಹೈದರ್‌ನಗರವಾಯಿತು; ಜನರ ಬಾಯಲ್ಲಿ ಬರೀ ನಗರವಾಯಿತು; ಇಂಗ್ಲಿಷರ ಕಾಗದಗಳಲ್ಲಿ ಬೆಡ್ನೋರ್ ಆಗಿಯೇ ಉಳಿಯಿತು. ಶಿಕಾರಿಪುರ ಮೊದಲು ಮಳಿಯನಹಳ್ಳಿ, ಕೆಳದಿಯವರ ಕಾಲದಲ್ಲಿ ಮಹಾದಾನಪುರ, ಬೇಟೆ ಹೇರಳವಾಗಿ ಸಿಕ್ಕಿದ್ದರಿಂದ ನವಾಬರ ಕಾಲದಲ್ಲಿ ಶಿಕಾರಿಪುರ ಎಂಬುದು ಪ್ರತೀತಿ. ಸೊರಬದ ಹೆಸರನ್ನು ಸುರಭಿಯೊಂದಿಗೆ, ದೇವರ ಮೇಲೆ ಹಾಲು ಕರೆದ ಹಸುವಿನ ಕಥೆಯೊಂದಿಗೆ ಜೋಡಿಸುತ್ತಾರೆ. ಇವುಗಳಲ್ಲಿ ಎಷ್ಟು ಚರಿತ್ರೆ, ಎಷ್ಟು ಕಥೆ ಎಂಬುದು ಬೇರೆ ಮಾತು. ಯಾವ ಆಳ್ವಿಕೆಯನ್ನು ಜನ ಯಾವ ಕಾರಣಕ್ಕೆ ನೆನಪಿಟ್ಟರು ಎಂಬುದನ್ನಂತೂ ಅವು ಹೇಳುತ್ತವೆ.

ಇಂಥ ಪ್ರತೀತಿಗಳನ್ನೇ ಮೆಕೆಂಜಿಯ ಸಹಾಯಕರು ಊರೂರಿನಲ್ಲಿ ಬರೆಸಿಕೊಂಡರು. ಅವಕ್ಕೆ ಕೈಫಿಯತ್ತುಗಳೆಂದು ಹೆಸರು. ಇಂದು ನಮ್ಮ ಕಚೇರಿಗಳಲ್ಲಿ ಕೈಫಿಯತ್ತು ಎಂದರೆ ವಿವರಣೆ, ಹೇಳಿಕೆ ಎಂಬ ಅರ್ಥ. ಆಗ ಅದು ಊರು ಕೊಡುತ್ತಿದ್ದ ಹೇಳಿಕೆ. ಶಾನುಭೋಗ, ಪಟೇಲ, ಪೂಜಾರಿ, ಮಠದ ಹಿರಿಯರು ಕುಳಿತು ತಮ್ಮ ಊರಿನ ಹುಟ್ಟು, ಅದನ್ನು ಆಳಿದವರು, ದೇವಸ್ಥಾನದ ಉಂಬಳಿ, ಕೆರೆಯ ಚರಿತ್ರೆ, ಎಲ್ಲೆಯ ಗುರುತುಗಳನ್ನು ಹೇಳುತ್ತಿದ್ದರು. ಆಧಾರಕ್ಕೆ ಶಾನುಭೋಗರ ಕಡತ. ಹುಣಿಸೆ ಬೀಜದ ಸರಿಯಲ್ಲಿ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ಇಂದು ವಿಧಾನಸೌಧದ ಮೇಜುಗಳ ಮೇಲೆ ಚಲಿಸುವ ಕಡತಕ್ಕೆ ಹೆಸರು ಬಂದದ್ದು ಅದರಿಂದಲೇ.

ಹೆಸರುಗಳಿಗೆ ಇನ್ನೂ ಹಳೆಯ ಸಾಕ್ಷಿ ಶಾಸನಗಳು. ದಾನ ಕೊಟ್ಟ ಭೂಮಿಗೆ ಚತುಸ್ಸೀಮೆ ಬರೆಯುವುದು ನಮ್ಮ ಶಾಸನಗಳ ಕ್ರಮ. ಮೂಡಲಿಗೆ ನಟ್ಟ ಕಲ್ಲು, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಕೆರೆಯ ಕೋಡಿ ಎಂಬಂತೆ ಆ ಕಾಲದ ನೆಲದ ಗುರುತುಗಳೆಲ್ಲ ಅಲ್ಲಿ ಉಳಿದಿವೆ. ಲಿಂಗಮುದ್ರೆ, ವಾಮನಮುದ್ರೆಯ ಗಡಿಕಲ್ಲುಗಳು ಈಗಲೂ ಹೊಲಗಳ ಬದುವಿನಲ್ಲಿ ನಿಂತಿವೆ. ಹಳಗನ್ನಡ ಲಿಪಿಯನ್ನು ಓದುವ ಬಗೆಯನ್ನು ಮೆಕೆಂಜಿಯ ತಂಡದಲ್ಲಿ ಮೊದಲಿಗೆ ಸಾಧಿಸಿದವನು ಬೋರಯ್ಯ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಆ ಕೆಲಸದಲ್ಲಿ ಜೊತೆಯಾದ. ಜೈನಧರ್ಮದ ಕುರಿತು ಯುರೋಪಿನ ವಿದ್ವಾಂಸರಿಗೆ ಮೊದಮೊದಲು ಸಿಕ್ಕ ವಿವರಗಳಲ್ಲಿ ಒಂದು ಈ ತಂಡ ಕರ್ನಾಟಕದಲ್ಲಿ ಸಂಗ್ರಹಿಸಿದ್ದು.

1803ರಲ್ಲಿ, ಇನ್ನೂ ಇಪ್ಪತ್ತೇಳು ವರ್ಷದ ಬೋರಯ್ಯ ತೀರಿಕೊಂಡ. ಅವನ ತಮ್ಮ ಲಕ್ಷ್ಮಯ್ಯ ಮುಖ್ಯ ಸಹಾಯಕನ ಸ್ಥಾನಕ್ಕೆ ಬಂದ. ಇನ್ನೊಬ್ಬ ತಮ್ಮ ರಾಮಸ್ವಾಮಿ ಮುಂದೆ ದಕ್ಷಿಣದ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1829ರಲ್ಲಿ ಪ್ರಕಟಿಸಿದ. ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯ ವರ್ಣಚಿತ್ರದಲ್ಲಿ ಅವನೊಬ್ಬನೇ ಇಲ್ಲ. ಪಂಡಿತರು, ದುರ್ಬೀನು ಹಿಡಿದ ಜವಾನ ಸುತ್ತ ನಿಂತಿದ್ದಾರೆ. ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟನಿದ್ದಾನೆ. ಕೆಂಪು ಕೋಟಿನ ಅಧಿಕಾರಿಗಳ ಚಿತ್ರಗಳಲ್ಲಿ ಇಂಥ ಸಂಯೋಜನೆ ಹೆಚ್ಚು ಕಾಣಸಿಗುವುದಿಲ್ಲ.

ಮೆಕೆಂಜಿಯನ್ನು ಪುರುಷೋತ್ತಮನೆಂದು ಚಿತ್ರಿಸುವ ಅಗತ್ಯವಿಲ್ಲ. ಅವನ ನಕ್ಷೆಗಳು ಗೆದ್ದವರಿಗಾಗಿ ಮಾಡಿದವು. ಯಾವ ಕಣಿವೆಯಲ್ಲಿ ಸೇನೆ ನುಗ್ಗಬಹುದು, ಯಾವ ಸೀಮೆಯಿಂದ ಎಷ್ಟು ಕಂದಾಯ ಎತ್ತಬಹುದು ಎಂಬುದು ಅವುಗಳ ಮೊದಲ ಉಪಯೋಗ. ಅನೇಕ ಊರುಗಳಲ್ಲಿ ಶಾನುಭೋಗರು ಅವನ ಸಹಾಯಕರನ್ನು ಅನುಮಾನದಿಂದ ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೊಸ ಸರ್ಕಾರದ ಕಡೆಯಿಂದ ಬಂದು ಇನಾಮು ಉಂಬಳಿಗಳ ವಿಚಾರ ಕೇಳುವವನು ಚರಿತ್ರೆಗಾಗಿಯೇ ಕೇಳುತ್ತಾನೆಂದು ಯಾರು ನಂಬುತ್ತಾರೆ? ಕೈಫಿಯತ್ತುಗಳಲ್ಲಿಯೂ ಹೇಳಿದವರ ಹಿತ ಬೆರೆತಿದೆ. ಊರಿನ ಹಿರಿಯರು ತಮ್ಮ ಮನೆತನದ ಹಕ್ಕನ್ನು ದೊಡ್ಡದು ಮಾಡಿದ್ದಾರೆ. ಕೆರೆ ಅಗೆದ ಒಡ್ಡರ, ಹೊಲ ಉತ್ತ ಕೂಲಿಯವರ, ಹೆಂಗಸರ ಮಾತು ಅವುಗಳಲ್ಲಿ ಸಿಗುವುದು ವಿರಳ. ಇಷ್ಟೆಲ್ಲ ಕೊರತೆಗಳಿದ್ದರೂ, ಊರಿನವರು ತಮ್ಮ ಊರಿನ ಬಗ್ಗೆ ತಮ್ಮದೇ ಭಾಷೆಯಲ್ಲಿ ಹೇಳಿದ್ದನ್ನು ಸರ್ವೆಯ ಭಾಗವಾಗಿ ಬರೆದಿಟ್ಟುಕೊಳ್ಳಬೇಕೆಂದು ಯೋಚಿಸಿದ ಅಧಿಕಾರಿ ಅವನಿಗೆ ಮೊದಲು ಇರಲಿಲ್ಲ. ಅವನ ನಂತರವೂ ಆ ಪ್ರಮಾಣದಲ್ಲಿ ಬರಲಿಲ್ಲ.

ಮೈಸೂರು ಸರ್ವೆ ಮುಗಿಸಿದ ಮೆಕೆಂಜಿ 1811ರಲ್ಲಿ ಜಾವಾ ದಂಡಯಾತ್ರೆಗೆ ಹೋದ. ಅಲ್ಲಿಯೂ ಹಸ್ತಪ್ರತಿ, ಶಾಸನಗಳ ಸಂಗ್ರಹ. ಅಲ್ಲಿಯೇ ಡಚ್ ಮೂಲದ ಪೆಟ್ರೊನೆಲ್ಲ ಬಾರ್ಟೆಲ್ಸಳೊಡನೆ ಮದುವೆ. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡು 1817ರಲ್ಲಿ ಕಲ್ಕತ್ತೆಗೆ ಹೋದ. ಲಕ್ಷ್ಮಯ್ಯನೂ ಇತರ ಪಂಡಿತರೂ ಗ್ರಂಥರಾಶಿಯೊಡನೆ ಹಿಂದೆ ಹೋದರು. ಎಲ್ಲವನ್ನೂ ಓದಿಸಿ, ಅನುವಾದಿಸಿ, ವಿಷಯವಾರು ಪಟ್ಟಿ ಮಾಡಿ ಪ್ರಕಟಿಸಬೇಕೆಂಬುದು ಅವನ ಆಸೆ. ಕಚೇರಿಯ ಕೆಲಸ ಅದಕ್ಕೆ ಬಿಡುವು ಕೊಡಲಿಲ್ಲ. 1821ರ ಮೇ 8ರಂದು, ಗಾಳಿ ಬದಲಾವಣೆಗೆಂದು ಸಮುದ್ರದ ಕಡೆ ಹೊರಟಿದ್ದಾಗ ಹೂಗ್ಲಿ ನದಿಯ ಮೇಲೆಯೇ ಪ್ರಾಣ ಬಿಟ್ಟ. ಸಮಾಧಿ ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

ಅವನ ಹೆಂಡತಿಯಿಂದ ಸರ್ಕಾರ ಒಂದು ಲಕ್ಷ ರೂಪಾಯಿಗೆ ಸಂಗ್ರಹವನ್ನು ಕೊಂಡುಕೊಂಡಿತು. ಹೊರೇಸ್ ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿದ್ದವು 1,568 ಹಸ್ತಪ್ರತಿಗಳು, 2,070 ಸ್ಥಳೀಯ ಬರಹಗಳು, 8,076 ಶಾಸನಗಳ ನಕಲು, 2,630 ಚಿತ್ರಗಳು, 6,218 ನಾಣ್ಯಗಳು. ಸಂಗ್ರಹ ಮುಂದೆ ಲಂಡನ್, ಮದರಾಸು, ಕಲ್ಕತ್ತೆಗಳಲ್ಲಿ ಹಂಚಿಹೋಯಿತು. ಅದರ ಮೂಲೆ ಮೂಲೆಯನ್ನು ಬಲ್ಲ ಲಕ್ಷ್ಮಯ್ಯ ಉಳಿದ ಕೆಲಸ ಮುಂದುವರಿಸಲು ಅವಕಾಶ ಕೇಳಿಕೊಂಡಾಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಸ್ಥಳೀಯನೊಬ್ಬನಿಗೆ ವಿಮರ್ಶಕ ಬುದ್ಧಿ ಇರಲಾರದೆಂಬುದು ಅಲ್ಲಿನ ಭಾವನೆ. ಕೆಲಸ ಒಬ್ಬ ಪಾದ್ರಿಯ ಪಾಲಾಯಿತು. ಮೆಕೆಂಜಿ ಕಟ್ಟಿದ ಪದ್ಧತಿ ಅವನೊಂದಿಗೇ ಮುಗಿದದ್ದು ಈ ತೀರ್ಮಾನದಲ್ಲಿ ಎನ್ನಬೇಕು. ಕನ್ನಡದ ಕೈಫಿಯತ್ತುಗಳು ಕನ್ನಡಿಗರ ಕೈಗೆ ಒಟ್ಟಾಗಿ ಸಿಕ್ಕಿದ್ದು ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಮೇಲೆ.

ಸರ್ವೆಗೂ ಚರಿತ್ರೆಗೂ ದಾರಿ ಬೇರೆಯಾದದ್ದು ಅಲ್ಲಿಂದ. ಮೈಸೂರಿನಲ್ಲಿ 1863ರಿಂದ ಕಂದಾಯ ಸರ್ವೆ ನಡೆದು ಹೊಲಗಳಿಗೆ ನಂಬರು ಬಂತು. ಆಡಳಿತದ ದೃಷ್ಟಿಯಿಂದ ಇದು ದೊಡ್ಡ ಸುಧಾರಣೆ. ರೈತನ ಹಿಡುವಳಿಗೆ ಭದ್ರತೆ ಕೊಟ್ಟದ್ದು ಅದೇ. ಶಾಸನಗಳನ್ನು ಬಿ.ಎಲ್. ರೈಸ್ ಕೈಗೆತ್ತಿಕೊಂಡರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಶಿಕಾರಿಪುರದ ಸಂಪುಟ 1902ರಲ್ಲಿ, ಸೊರಬದ ಸಂಪುಟ 1904ರಲ್ಲಿ ಹೊರಬಂದವು. ಇಂದಿನ ತಾಳಗುಂದವೇ ಕದಂಬರ ಶಾಸನದ ಸ್ಥಾಣಕುಂದೂರು, ಉದ್ರಿಯೇ ಉದ್ಧರೆ, ಕುಬಟೂರೇ ಕುಪ್ಪಟೂರು ಎಂದು ನಾವಿಂದು ಧೈರ್ಯವಾಗಿ ಹೇಳುವುದು ಆ ಸಂಪುಟಗಳ ಬಲದಿಂದ. ಶಂಬಾ ಜೋಷಿಯವರು ಊರಿನ ಹೆಸರುಗಳಿಂದಲೇ ಕನ್ನಡನಾಡಿನ ಪ್ರಾಚೀನತೆಯನ್ನು ಅರಸಿದರು. ಇವೆಲ್ಲ ವಿದ್ವಾಂಸರ ಸಾಧನೆ. ಕಂದಾಯ ಕಚೇರಿ ಮಾತ್ರ ನಂಬರಿಗೆ ಅಂಟಿಕೊಂಡಿತು.

ಆಗಲೂ ಶಾನುಭೋಗನೆಂಬ ಜೀವಂತ ಕೈಫಿಯತ್ತು ಊರಿನಲ್ಲಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯಿಂದ ವಂಶಪಾರಂಪರ್ಯದ ಆ ಹುದ್ದೆ ಹೋಯಿತು. ಹೋದದ್ದು ನ್ಯಾಯವೇ, ಆ ಅಧಿಕಾರದ ದುರುಪಯೋಗ ಕಂಡವರಾರೂ ಅದಕ್ಕೆ ಮರುಗಲಾರರು. ಆದರೆ ಅವನ ತಲೆಯಲ್ಲಿದ್ದ ಹೆಸರುಗಳನ್ನು ಬರೆದುಕೊಳ್ಳಲು ಯಾರನ್ನೂ ನೇಮಿಸಲಿಲ್ಲ. ಆನಂತರ ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತವಾದವು. ಈಗ ಡ್ರೋನ್‌ಗಳಿಂದ ಗ್ರಾಮಠಾಣಾದ ಅಳತೆ ನಡೆಯುತ್ತಿದೆ. ಅಳತೆಯ ನಿಖರತೆಯನ್ನು ಮೆಕೆಂಜಿ ಕಂಡಿದ್ದರೆ ಬೆರಗಾಗುತ್ತಿದ್ದ. ಆದರೆ ಊರಿನವರು ಬಾರೆಹೊಲ, ದೇವರಗದ್ದೆ, ಹಳೇ ಊರಿನ ದಿಬ್ಬ ಎಂದು ಕರೆಯುವ ಜಾಗಗಳಿಗೆ ಆ ದಾಖಲೆಯಲ್ಲಿ ಅಂಕಿ ಮಾತ್ರ ಇದೆ. ಜನವಸತಿಯೇ ಇಲ್ಲದ ಬೇಚರಾಕ್ ಗ್ರಾಮಗಳ ಹೆಸರು ಪಟ್ಟಿಯಲ್ಲಿ ಉಳಿದಿದೆ. ಜನರೇಕೆ ಬಿಟ್ಟುಹೋದರು ಎಂಬುದನ್ನು ಹೇಳುವವರಿಲ್ಲ. ಕಂದಾಯ ಆಡಳಿತದಲ್ಲಿ ಮೂರು ದಶಕ ಕಳೆದ ನನ್ನಂಥವರೆಲ್ಲ ಕಂಡ ಸಂಗತಿಯೊಂದಿದೆ. ಒತ್ತುವರಿಯಾದ ಕೆರೆಯ ಮೂಲ ಎಲ್ಲೆಯನ್ನು ಪತ್ತೆ ಮಾಡುವಾಗ ನಕ್ಷೆಯ ಜೊತೆಗೆ ಕೈಹಿಡಿಯುವುದು ಕೋಡಿಯ, ತೂಬಿನ, ಕಾಲುವೆಯ ಹೆಸರು ಬಲ್ಲ ಹಿರಿಯನೊಬ್ಬನ ಮಾತು. ಹೆಸರು ಮರೆತುಹೋದ ಕಾಲುವೆಯನ್ನು ಮುಚ್ಚುವುದು ಸುಲಭ. ಮುಚ್ಚಿದ್ದನ್ನು ಪ್ರಶ್ನಿಸುವವರೂ ಇರುವುದಿಲ್ಲ. ಇದು ಬರೀ ಸಂಸ್ಕೃತಿಯ ಪ್ರಶ್ನೆಯಲ್ಲ, ಸಾರ್ವಜನಿಕ ಆಸ್ತಿಯ ಪ್ರಶ್ನೆ.

ಮೆಕೆಂಜಿಯ ಹುಟ್ಟೂರು ಇದೇ ಪಾಠವನ್ನು ಬೇರೆ ಬಗೆಯಲ್ಲಿ ಕಲಿತಿದೆ. 19ನೆಯ ಶತಮಾನದ ಮಧ್ಯದಲ್ಲಿ ಲೂಯಿಸ್ ದ್ವೀಪದ ಸರ್ವೆ ನಡೆದಾಗ ಹೆಸರುಗಳ ಪುಸ್ತಕವನ್ನೇ ಪ್ರತ್ಯೇಕವಾಗಿ ಬರೆದಿಟ್ಟರು. ಪ್ರತಿಯೊಂದು ಗುಡ್ಡ, ಹಳ್ಳ, ಬಂಡೆಯ ಹೆಸರಿನ ಮುಂದೆ ಆ ಉಚ್ಚಾರಣೆ ಹೇಳಿದವರು ಯಾರೆಂಬ ದಾಖಲೆ ಇತ್ತು. ಗೇಲಿಕ್ ಬಾರದವರ ಕಿವಿಯಲ್ಲಿ ಎಷ್ಟೋ ಹೆಸರುಗಳು ವಿಕಾರಗೊಂಡವು, ನಿಜ. ಆದರೂ ಗೇಲಿಕ್ ಆಡುವವರು ಕಡಿಮೆಯಾಗಿರುವ ಇಂದು ಹೆಸರುಗಳನ್ನು ಮೂಲರೂಪಕ್ಕೆ ತಂದು ಫಲಕಗಳ ಮೇಲೆ ಬರೆಯುವವರಿಗೆ ಆ ಪುಸ್ತಕಗಳೇ ಆಧಾರ. ನಾವು 2014ರ ನವೆಂಬರ್ 1ರಿಂದ ಶಿವಮೊಗ್ಗವೂ ಸೇರಿದಂತೆ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ತಿದ್ದಿಕೊಂಡೆವು. ನಗರಗಳ ಹೆಸರು ಉಳಿಸುವುದು ಸುಲಭ, ಅವುಗಳನ್ನು ದಿನವೂ ಲಕ್ಷಾಂತರ ಜನ ಆಡುತ್ತಾರೆ. ಒಂದು ಗದ್ದೆಯ ಬಯಲಿನ ಹೆಸರನ್ನು ಬಲ್ಲವರು ಹತ್ತು ಜನರಿರಬಹುದು; ಅವರಲ್ಲಿ ಎಂಟು ಮಂದಿಗೆ ಎಪ್ಪತ್ತು ದಾಟಿರಬಹುದು.

ಜೀವವೈವಿಧ್ಯ ಕಾಯ್ದೆಯ ಅನ್ವಯ ಪ್ರತಿ ಪಂಚಾಯಿತಿಯೂ ತನ್ನ ಗಿಡಮರ, ಪ್ರಾಣಿಪಕ್ಷಿಗಳ ದಾಖಲಾತಿ ಇಡಬೇಕೆಂಬ ನಿಯಮ ಈಗಾಗಲೇ ಇದೆ. ಅದೇ ಮಾದರಿಯಲ್ಲಿ ಸ್ಥಳನಾಮಗಳ ದಾಖಲಾತಿಯೊಂದನ್ನು ಗ್ರಾಮ ಪಂಚಾಯಿತಿ ಇಡಬಾರದೇಕೆ? ಊರಿನ ಶಾಲೆಯ ಮೇಷ್ಟರು, ಗ್ರಾಮ ಆಡಳಿತಾಧಿಕಾರಿ, ನಾಲ್ಕು ಜನ ಹಿರಿಯರು, ಅವರಲ್ಲಿ ಇಬ್ಬರಾದರೂ ಹೆಂಗಸರು, ಒಂದು ಗ್ರಾಮನಕ್ಷೆಯ ಪ್ರತಿ. ಕೆರೆ, ಕಟ್ಟೆ, ಗುಂಡುತೋಪು, ಬನ, ಗಡಿಕಲ್ಲು, ವೀರಗಲ್ಲು, ಹಳೆಯ ದಾರಿಗಳ ಹೆಸರು ಸರ್ವೆ ನಂಬರಿನ ಎದುರಿಗೆ ಬಂದರೆ ಸಾಕು. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಒಂದು ಸುತ್ತೋಲೆ ಮತ್ತು ಒಂದು ಬೇಸಿಗೆ ಸಾಕು.

ಬೋರಯ್ಯ, ಲಕ್ಷ್ಮಯ್ಯರು ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ, ಪರರ ಸರ್ಕಾರಕ್ಕಾಗಿ ಈ ಕೆಲಸ ಮಾಡಿದರು. ನಮ್ಮದೇ ಸರ್ಕಾರ ಬೇಕೆಂದು ಈಸೂರಿನವರು ಪ್ರಾಣ ಕೊಟ್ಟರು. ಆ ಸರ್ಕಾರದ ದಾಖಲೆಯಲ್ಲಿ ಅವರ ಊರಿನ ಗುಡಿ, ಕೆರೆ, ಬಯಲುಗಳು ತಮ್ಮ ಹೆಸರಿನೊಂದಿಗೆ ಇರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇನಲ್ಲ.